ಗಾಲಿಯ ಮೇಲಿನ ಮನೆ

ಶಿಷ್ಯ ಕೇಳಿದ: “ಗುರುಗಳೇ, ಸತ್ಯ ತನ್ನ ಬಲದಿಂದಲೇ ಗೆಲ್ಲುತ್ತದೆ ಎನ್ನುತ್ತಾರೆ. ಹೌದೇ?”

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಈ ಪ್ರಶ್ನೆ ಸಂನ್ಯಾಸಿಗಳಿಗಿಂತ ವಕೀಲರಿಗೆ ಹೆಚ್ಚು ಎದುರಾಗುತ್ತದೆ ಎಂದು ಹೇಳಿ, ಒಬ್ಬ ವಕೀಲನ ಕತೆ ಹೇಳಿದರು.

ಐರ್ಲೆಂಡಿನಲ್ಲಿ ಒಬ್ಬ ಗೇಣಿದಾರನ ಮಗನಿದ್ದ. ಒಂದು ದಿನ ಜಮೀನ್ದಾರನ ಆಳುಗಳು ಬಂದು ಅವರ ಮನೆಯ ಸೂರು ಕಿತ್ತರು. ಕಾನೂನಿನ ಪ್ರಕಾರವೇ ಕಿತ್ತರು. ಇದ್ದ ಮನೆಯನ್ನು ಇಲ್ಲವೆನ್ನಿಸಬಲ್ಲ ಈ ಕಾನೂನು ಎಂಥದ್ದು ಎಂಬ ಕುತೂಹಲ ಅವನನ್ನು ಬಿಡಲಿಲ್ಲ. ಹಡಗು ಹತ್ತಿ ಅಮೆರಿಕ ಸೇರಿದ. ರೈಲು ಹಳಿ ಹಾಸಿದ, ಬಿಡುವಿನಲ್ಲಿ ಓದಿದ, ಕೊನೆಗೆ ಹುಲ್ಲುಬಯಲಿನ ಒಂದು ಊರಿನಲ್ಲಿ ವಕೀಲನಾದ.

ಆ ಬಯಲಿನ ಜಮೀನನ್ನು ಸರ್ಕಾರ ಪುಕ್ಕಟೆ ಹಂಚುತ್ತಿತ್ತು. ಅದು ಮೊದಲು ಯಾರದಾಗಿತ್ತು ಎಂಬುದು ಬೇರೆ ಕತೆ. ಪಡೆಯುವವನ ಜಮೀನಿನಲ್ಲಿ ಮನೆಯಿರಬೇಕು, ಅದರಲ್ಲಿ ವಾಸವಿದ್ದೇನೆಂದು ಅವನು ಪ್ರಮಾಣ ಮಾಡಬೇಕು, ನಿಯಮ ಇಷ್ಟೇ. ಇದನ್ನು ಓದಿಕೊಂಡ ಒಬ್ಬ ವ್ಯಾಪಾರಿ ಗಾಲಿಗಳ ಮೇಲೆ ಮರದ ಮನೆಯೊಂದನ್ನು ಕಟ್ಟಿಸಿದ. ಬಾಗಿಲಿತ್ತು, ಕಿಟಕಿಯಿತ್ತು. ಪಟ್ಟಣದಲ್ಲಿ ಕೂತವರು ಅದನ್ನು ಬಾಡಿಗೆಗೆ ಒಯ್ದು, ಖಾಲಿ ಜಮೀನಿನಲ್ಲಿ ನಿಲ್ಲಿಸಿ, ಪ್ರಮಾಣ ಮಾಡಿ, ಮುಂದಿನವನಿಗೆ ದಾಟಿಸುತ್ತಿದ್ದರು. ಈ ಸುಳ್ಳು ಪ್ರಮಾಣಗಳ ವಿರುದ್ಧ ವಕೀಲ ದಾವೆ ಹೂಡಿ ಸೋತ. ಮತ್ತೆ ಹೂಡಿ ಮತ್ತೆ ಸೋತ. ಅದು ಮನೆಯಲ್ಲ, ಗಾಲಿಯ ಪೆಟ್ಟಿಗೆ, ಅದನ್ನು ಮುಟ್ಟಿದವರ ವಕಾಲತ್ತು ವಹಿಸುವುದಿಲ್ಲ ಎಂದು ಊರೆದುರಿಗೆ ಸಾರಿದ.

ಆಗ ಒಬ್ಬ ವಿಧವೆ ಅವನಲ್ಲಿಗೆ ಬಂದಳು. ಬಯಲಿನಲ್ಲಿ ಮರವಿಲ್ಲ, ಅವಳು ದಿಬ್ಬ ಕೊರೆದು ನೆಲದೊಳಗೆ ಬದುಕುತ್ತಿದ್ದಳು. ಗಂಡ ಸತ್ತದ್ದು ಅಲ್ಲೇ, ಮಗು ಹುಟ್ಟಿದ್ದು ಅಲ್ಲೇ. ತನಿಖೆಗೆ ಬಂದ ಅಧಿಕಾರಿ ಅವಳ ಸೂರಿನ ಮೇಲೆಯೇ ಕುದುರೆ ಓಡಿಸಿಕೊಂಡು ಹೋಗಿ, ಇಲ್ಲಿ ಮನೆಯಿಲ್ಲ ಎಂದು ಬರೆದುಕೊಂಡಿದ್ದ. ವಕೀಲ ಅವನಿಗೆ ಹೊಗೆಕೊಳವೆ ತೋರಿಸಿದ, ನೆರೆಯವರಿಂದ ಸಾಕ್ಷಿ ಹೇಳಿಸಿದ. ಬಿಲಕ್ಕೆ ಕಿಟಕಿ ಎಲ್ಲಿದೆ ಎಂದು ಅಧಿಕಾರಿ ಕೇಳಿದ. ನಾಳೆ ಇನ್ನೊಮ್ಮೆ ಬರುತ್ತೇನೆ, ಮನೆ ಕಾಣದಿದ್ದರೆ ಜಮೀನು ಬೇರೆಯವರಿಗೆ ಎಂದ.

ಸಂಜೆಯವರೆಗೂ ವಕೀಲ ಕಾನೂನಿನ ಪುಸ್ತಕ ತಿರುವಿದ. ಆಮೇಲೆ ಎದ್ದು ವ್ಯಾಪಾರಿಯ ಅಂಗಡಿಗೆ ನಡೆದ.

“ಏನು ವಕೀಲರೇ, ಪೆಟ್ಟಿಗೆಗೂ ಮನೆಗೂ ಇರುವ ವ್ಯತ್ಯಾಸ ಕಲಿಸಲು ಬಂದಿರಾ?” ಎಂದ ವ್ಯಾಪಾರಿ.

“ವ್ಯತ್ಯಾಸ ಆಮೇಲೆ. ಎತ್ತು ಕಟ್ಟಿಸಿ” ಎಂದ ವಕೀಲ.

ಬೆಳಿಗ್ಗೆ ವಿಧವೆ ಗಾಲಿಯ ಮನೆಯ ಹೊಸ್ತಿಲ ಮೇಲೆ ನಿಂತಳು. ಈ ಜಮೀನಿನಲ್ಲಿ ನನ್ನ ಮನೆಯಿದೆ, ನಾನು ಅದರಲ್ಲೇ ವಾಸವಿದ್ದೇನೆ ಎಂದು ಪ್ರಮಾಣ ಮಾಡಿದಳು. ಅಧಿಕಾರಿ ಕಿಟಕಿಯ ಗಾಜನ್ನು ತಟ್ಟಿ ನೋಡಿ ರುಜು ಹಾಕಿದ. ಅವನು ಮರೆಯಾದ ಮೇಲೆ ಎತ್ತುಗಳು ಮನೆಯನ್ನು ಎಳೆದುಕೊಂಡು ಹೋದವು. ಅವಳು ನೆಲದೊಳಗೆ ಇಳಿದು ಒಲೆ ಹೊತ್ತಿಸಿದಳು. ಜಮೀನಿನ ವ್ಯಾಜ್ಯಗಳಲ್ಲಿ ವಕೀಲ ಗೆದ್ದದ್ದು ಅದೊಂದನ್ನೇ. ಅದನ್ನು ಅವನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಅಂದರೆ ಆ ತಾಯಿಯೂ ಸುಳ್ಳು ಪ್ರಮಾಣ ಮಾಡಿದಂತಾಯಿತಲ್ಲ, ಗುರುಗಳೇ?”

“ಇಲ್ಲಪ್ಪ, ಆ ಹೊಸ್ತಿಲ ಮೇಲೆ ನಿಂತು ಸತ್ಯ ಹೇಳಿದವಳು ಅವಳೊಬ್ಬಳೇ, ಸತ್ಯಕ್ಕೂ ಬಾಡಿಗೆ ಮನೆಯೇ ಬೇಕಾಯಿತು.”