ಆರನೆಯ ವಾರದ ಎತ್ತು

"ಗುರುಗಳೇ, ರಜೆ ಶುರುವಾದಾಗಿನಿಂದ ನನ್ನ ಮನಸ್ಸು ನಾಲ್ಕು ಸಲ ತಿರುಗಿತು. ಈ ನಾಲ್ಕರಲ್ಲಿ ನಿಜವಾದ ಮನಸ್ಸು ಯಾವುದು?"

ಶಿಷ್ಯ ಈ ಪ್ರಶ್ನೆಯನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಉತ್ತರವನ್ನೂ ತಾನೇ ಸಿದ್ಧ ಮಾಡಿಟ್ಟಿದ್ದ. ಕೊನೆಯದೇ ನಿಜ ಎಂದು ಗುರು ಹೇಳಬೇಕು. ಹಾಗಾದರೆ ಅಪ್ಪಣೆ ಕೊಡಿ, ಓದು ಬಿಡುತ್ತೇನೆ, ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೂರುತ್ತೇನೆ ಎಂದು ಇವನು ಹೇಳಬೇಕು. ಕಾಲಿಗೆ ಬಿದ್ದು ಹೊರಟುಬಿಡಬೇಕು. ಆರು ವರ್ಷದ ಓದು ಅಲ್ಲಿಗೆ ಮುಗಿಯಿತು.

ರಜೆ ಎಂಟು ವಾರ. ಪಾಠಶಾಲೆ ತೆರೆಯಲು ಇನ್ನೂ ಹದಿನೈದು ದಿನವಿತ್ತು. ಉಳಿದ ಹುಡುಗರು ಬಂದರೆ ಯಾಕೆ, ಏನು ಎಂದು ಕೇಳುತ್ತಾರೆ. ಅದಕ್ಕೇ ಇವನು ಮೊದಲೇ ಬಂದಿದ್ದ. ಬಂದವನೇ ತನ್ನ ಹಾಸಿಗೆ, ಪುಸ್ತಕ, ಎರಡು ಪಂಚೆ ಎಲ್ಲವನ್ನೂ ಸೇರಿಸಿ ಮೂಟೆ ಕಟ್ಟಿದ್ದ. ಗುರುಗಳ ಕಣ್ಣಿಗೆ ಬೀಳದಿರಲೆಂದು ಅದನ್ನು ಜಗಲಿಯ ಬಾಗಿಲ ಹಿಂದೆ ತಳ್ಳಿದ್ದ. ಹೊರಗೆ ಗಾಡಿಯವನು ನೊಗ ಕೂಡ ಇಳಿಸದೆ ಕಾಯುತ್ತಿದ್ದ.

ಆದರೆ ಆ ಗುರು ಸುಲಭದ ಆಸಾಮಿಯಲ್ಲ. ವಯಸ್ಸು ಐವತ್ತರ ಹತ್ತಿರ, ಬುದ್ಧಿ ಹನ್ನೆರಡರ ಹತ್ತಿರ. ಪರೀಕ್ಷೆಯ ದಿನ ಹುಡುಗರ ಚಪ್ಪಲಿಗಳನ್ನೆಲ್ಲ ಅದಲು ಬದಲು ಮಾಡಿಟ್ಟು, ಏನೂ ಅರಿಯದವರ ಹಾಗೆ ಜಪಕ್ಕೆ ಕೂರುತ್ತಿದ್ದರು. ಅವರು ಹೇಳುವ ಕತೆಯಲ್ಲಿ ಅರ್ಧ ಸುಳ್ಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾವ ಅರ್ಧ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಏನಾದರೂ ಆಗಲಿ, ಈ ಸಲ ಕತೆಗೆ ಸಿಕ್ಕಿಬೀಳಬಾರದು ಎಂದು ಶಿಷ್ಯ ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಗುರು ಕೂರಲು ಜಾಗ ನೋಡಿದರು. ಮಣೆ ಇತ್ತು, ಚಾಪೆ ಇತ್ತು. ಎರಡನ್ನೂ ಬಿಟ್ಟು ಬಾಗಿಲ ಹಿಂದೆ ಕೈ ಹಾಕಿ, ಮೂಟೆಯನ್ನು ಎಳೆದು, ಅದರ ಮೇಲೆ ಕುಳಿತರು.

"ಮೆತ್ತಗಿದೆ," ಎಂದರು. "ಯಾವುವಯ್ಯಾ ಆ ನಾಲ್ಕು?"

ಶಿಷ್ಯನ ಕಣ್ಣು ಮೂಟೆಯ ಮೇಲೇ ಇತ್ತು. ಆದರೂ ಹೇಳಿದ. ಮೊದಲ ವಾರ ಮನೆಯಲ್ಲಿ ಬೆಳಗಿನ ಜಾವ ಪಾಠಶಾಲೆಯ ಇಲ್ಲದ ಗಂಟೆ ಕಿವಿಗೆ ಬಡಿದು ಎದ್ದು ಕೂರುತ್ತಿದ್ದ. ಆಮೇಲೆ ರಜೆಯ ರುಚಿ ಹತ್ತಿತು. ಬಿಸಿಲು ಎದೆಗೆ ಬರುವವರೆಗೆ ನಿದ್ದೆ, ಮಧ್ಯಾಹ್ನವೆಲ್ಲ ಕೆರೆ. ಆಮೇಲೆ ಅದೇ ಕೆರೆ, ಅದೇ ನಿದ್ದೆ ಸಪ್ಪೆಯಾಯಿತು. ಈಗ ಒಳಗೆ ಕೂತರೆ ಹೊರಗೆ ಹೋಗೋಣ ಅನ್ನಿಸುತ್ತದೆ, ಹೊರಗೆ ಹೋದರೆ ಒಳಗೆ ಬರೋಣ ಅನ್ನಿಸುತ್ತದೆ. ತಂಗಿ ಸುಮ್ಮನೆ ನಕ್ಕರೂ ಸಿಟ್ಟು. ಪುಸ್ತಕ ಕಂಡರೆ ಮೈ ಉರಿ.

"ಸರಿ," ಎಂದರು ಗುರು. "ಒಬ್ಬ ರೈತನಿದ್ದ."

"ಕತೆ ಬೇಡ ಗುರುಗಳೇ. ಗಾಡಿ ಕಾಯುತ್ತಿದೆ."

"ಕಾಯಲಿ. ಒಬ್ಬ ರೈತನಿದ್ದ."

ರೈತನಿಗೆ ಒಂದು ತರಕಾರಿ ತೋಟ, ತೋಟಕ್ಕೊಂದು ಕಪಿಲೆ ಬಾವಿ. ಕಪಿಲೆಯ ಎತ್ತುಗಳು ಬಾವಿಯ ಪಕ್ಕದ ಇಳಿಜಾರಿನಲ್ಲಿ ಮುಂದೆ ನಡೆದರೆ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ. ತಿರುಗದೆ, ಹಿಂದೆ ಹಿಂದೆಯೇ ಹೆಜ್ಜೆ ಇಟ್ಟು ಮೇಲೇರಿದರೆ ಚೀಲ ಮತ್ತೆ ಬಾವಿಗಿಳಿಯುತ್ತದೆ. ಆ ರೈತನ ಇಳಿಜಾರಿಗೆ ಮುಂದೆ ಇಪ್ಪತ್ತನಾಲ್ಕು ಹೆಜ್ಜೆ, ಹಿಂದೆ ಇಪ್ಪತ್ತನಾಲ್ಕು ಹೆಜ್ಜೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಪ್ರತಿ ಬೇಸಿಗೆಯಲ್ಲಿ ಬಾವಿಯ ನೀರು ತಳ ಹಿಡಿಯುತ್ತಿತ್ತು. ಆಗ ಎಂಟು ವಾರ ಕಪಿಲೆ ನಿಲ್ಲುತ್ತಿತ್ತು. ಜೋಡಿಯಲ್ಲಿ ಒಂದು ಮುದಿ ಎತ್ತು. ಅದು ಹನ್ನೆರಡು ರಜೆ ಕಂಡದ್ದು. ನೆರಳು ಸಿಕ್ಕಿದಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಇನ್ನೊಂದು ಎಳೆಯದು, ಆ ವರ್ಷವೇ ಕಪಿಲೆಗೆ ಕಟ್ಟಿದ್ದು. ಅದಕ್ಕೆ ಅದು ಮೊದಲ ರಜೆ.

ಮೊದಲ ವಾರ ಎಳೆಯ ಎತ್ತು ಕೋಳಿ ಕೂಗುತ್ತಲೇ ತಾನಾಗಿ ಹೋಗಿ ಬಾವಿಯ ಬಳಿ ನಿಂತಿತು. ಹಗ್ಗವಿಲ್ಲ, ನೊಗವಿಲ್ಲ. ಆದರೂ ಇಳಿಯಿತು, ಹಿಂದೆ ಹಿಂದೆಯೇ ಏರಿತು. ಎರಡನೆಯ ವಾರ ಅದಕ್ಕೆ ತಿಳಿಯಿತು, ಓಹೋ, ಯಾರೂ ಕೇಳುವವರಿಲ್ಲ ಎಂದು. ಬಾಲ ಎತ್ತಿ ಓಡಿತು. ಧೂಳಿನಲ್ಲಿ ನಾಲ್ಕು ಕಾಲೂ ಮೇಲೆ ಮಾಡಿ ಹೊರಳಾಡಿತು.

"ಎತ್ತು ಹಾಗೆ ಹೊರಳುವುದಿಲ್ಲ ಗುರುಗಳೇ. ಹೊರಳುವುದು ಕತ್ತೆ."

"ಎರಡನೆಯ ವಾರದಲ್ಲಿ ಎತ್ತಿಗೂ ಕತ್ತೆಗೂ ಬಹಳ ವ್ಯತ್ಯಾಸವಿರುವುದಿಲ್ಲ. ಕೆರೆಯಲ್ಲಿದ್ದವನು ನೀನು, ನಿನಗೇ ಗೊತ್ತು."

ಶಿಷ್ಯ ತುಟಿ ಕಚ್ಚಿಕೊಂಡ. ಮಾತಾಡಿದ್ದೇ ತಪ್ಪಾಯಿತು ಅನ್ನಿಸಿತು. ಅತ್ತ ಗುರು ಮೂಟೆಯ ಮೇಲೆ ಇನ್ನಷ್ಟು ಆರಾಮವಾಗಿ ಒರಗಿದರು. ಒಳಗಿದ್ದ ವ್ಯಾಕರಣದ ಪುಸ್ತಕ ಮುದುಡಿದ ಸದ್ದಾಯಿತು.

ನಾಲ್ಕನೆಯ ವಾರಕ್ಕೆ ಎತ್ತಿಗೆ ಹುಲ್ಲು ಬೇಡವಾಯಿತು. ಐದನೆಯ ವಾರಕ್ಕೆ ನೆರಳೂ ಬೇಡವಾಯಿತು. ನೆರಳಿನಿಂದ ಬಿಸಿಲಿಗೆ ಹೋಗುವುದು, ಬಿಸಿಲಿನಿಂದ ನೆರಳಿಗೆ ಬರುವುದು. ಆರನೆಯ ವಾರ ಗೂಟ ಕಿತ್ತಿತು. ಮುಳ್ಳುಬೇಲಿಗೆ ಕೊಂಬು ಹಾಕಿತು. ಮಲಗಿದ್ದ ಮುದಿ ಎತ್ತಿಗೆ ಗುದ್ದಿತು. ಒಂದು ದಿನ ರೈತನ ಹೆಂಡತಿ ದೂರದ ಹಳ್ಳದಿಂದ ಹೊತ್ತು ತಂದ ನೀರಿನ ಕೊಡವನ್ನು ಅಂಗಳದಲ್ಲೇ ಉರುಳಿಸಿತು.

ರೈತ ಬೊಬ್ಬೆ ಹಾಕಿದ. "ಇದಕ್ಕೆ ಹುಚ್ಚು ಹಿಡಿದಿದೆ! ಇದನ್ನು ಇವತ್ತೇ ಮಾರುತ್ತೇನೆ."

ಹೆಂಡತಿ ಖಾಲಿ ಕೊಡ ಎತ್ತಿಕೊಂಡಳು. "ಮುದಿಯದೂ ಪ್ರಾಯದಲ್ಲಿ ಹೀಗೇ ಗುದ್ದಾಡಿತ್ತು, ಮರೆತಿರಾ? ಕೆಲಸವಿಲ್ಲದೆ ಹೀಗಾಡುತ್ತದೆ. ತಾಳಿ."

"ತಾಳುವುದಕ್ಕೂ ಒಂದು ಮಿತಿ ಇದೆ."

"ಬಾವಿ ಬತ್ತಿದಾಗಿನಿಂದ ನೀವೂ ಒಳಗೆ ಹೊರಗೆ ತಿರುಗಿ, ಕಂಡದ್ದಕ್ಕೆಲ್ಲ ಸಿಡುಕುತ್ತಿದ್ದೀರಿ. ನಿಮ್ಮನ್ನು ಯಾರಿಗೆ ಮಾರಲಿ?"

ಉತ್ತರವಿಲ್ಲದವನಿಗೆ ಹಟ ಹೆಚ್ಚು. ಅದೇ ಹೊತ್ತಿಗೆ, ಯಾರೋ ಹೇಳಿ ಕಳಿಸಿದ ಹಾಗೆ, ಬೀದಿಯಲ್ಲಿ ಒಬ್ಬ ಎತ್ತಿನ ವ್ಯಾಪಾರಿ ಬಂದ. ಹೆಗಲ ಮೇಲೆ ಟವೆಲು, ಕೈಯಲ್ಲಿ ಹೊಸ ಹಗ್ಗ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ, ಮೈಮೇಲಿನ ಸುಳಿ ನೋಡಿದ, ಬೆನ್ನ ಮೇಲೆ ಕೈಯಾಡಿಸಿದ. ಎತ್ತು ಅವನನ್ನೂ ಹಾಯಲು ಹೋಯಿತು. ಅವನು ಲೊಚಗುಟ್ಟಿದ.

"ಹಾಯುವ ಎತ್ತು ಯಾರಿಗೆ ಬೇಕು ಯಜಮಾನರೇ? ನಿಮ್ಮ ಕಷ್ಟ ನೋಡಲಾರದೆ ಹಿಡಿದುಕೊಂಡು ಹೋಗುತ್ತೇನೆ, ಅಷ್ಟೇ."

ಬೆಲೆ ಕುದುರಿಸಲು ಟವೆಲಿನ ಅಡಿಯಲ್ಲಿ ಇಬ್ಬರ ಬೆರಳೂ ಸೇರಿದವು. ವ್ಯಾಪಾರಿ ಎಷ್ಟು ಬೆರಳು ಒತ್ತಿದನೋ ಅಷ್ಟಕ್ಕೇ ರೈತ ತಲೆಯಾಡಿಸಿದ. ಎತ್ತು ಕೊಟ್ಟವನು ಹಗ್ಗ ಕೊಡುವ ಪದ್ಧತಿಯಿಲ್ಲ. ಹಳೆಯ ಹಗ್ಗ ರೈತನ ಕೈಯಲ್ಲಿ ಉಳಿಯಿತು, ಹೊಸ ಹಗ್ಗ ಎತ್ತಿನ ಕೊರಳಿಗೆ ಬಿತ್ತು.

"ಏನ್ ಸ್ವಾಮಿ, ಹೊರಡೋದಿದೆಯೋ ಇಲ್ಲವೋ?" ಎಂದು ಹೊರಗಿನಿಂದ ಗಾಡಿಯವನು ಕೂಗಿದ.

"ಬಂದೆ, ಬಂದೆ," ಎಂದ ಶಿಷ್ಯ. ಆದರೆ ಏಳಲಿಲ್ಲ. ಎದ್ದರೂ ಮೂಟೆ ಬಿಟ್ಟು ಹೋಗುವಂತಿರಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಕೇಳಿದ. "ಆಮೇಲೆ?"

ಆಮೇಲೆ ಮಳೆ ಬಂತು. ಬಾವಿಯಲ್ಲಿ ಸೆಲೆ ಒಡೆಯಿತು. ರೈತ ಬದನೆ, ಮೆಣಸಿನ ಸಸಿ ಹಾಕಿದ. ಅಷ್ಟರಲ್ಲಿ ಮೋಡ ಚದುರಿ ಮಳೆ ಕೈಕೊಟ್ಟಿತು. ಬಾವಿಯಲ್ಲಿ ನೀರಿದೆ, ಸಸಿ ಬಾಡುತ್ತಿದೆ, ನೊಗದ ಒಂದು ಕಡೆ ಖಾಲಿ. ಮುದಿ ಎತ್ತು ಪಕ್ಕಕ್ಕೆ ತಿರುಗಿ ತಿರುಗಿ ನೋಡುತ್ತದೆ, ಒಂಟಿಯಾಗಿ ಎಳೆಯಲಾರದು. ರೈತ ಹಳೆಯ ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ವ್ಯಾಪಾರಿಯ ದೊಡ್ಡಿಗೆ ನಡೆದ.

ದೊಡ್ಡಿಯಲ್ಲಿ ಬಾವಿಯಿಲ್ಲ, ಇಳಿಜಾರಿಲ್ಲ. ಬರೀ ಬಯಲು. ಆ ಬಯಲಿನಲ್ಲಿ ಒಂದು ಎತ್ತು ತಾನಾಗಿ ಮುಂದೆ ಹೆಜ್ಜೆ ಇಟ್ಟಿತು. ಸರಿಯಾಗಿ ಇಪ್ಪತ್ತೆರಡು ಹೆಜ್ಜೆಗೆ ನಿಂತಿತು. ಹಿಂದೆ ಹಿಂದೆಯೇ—

"ಇಪ್ಪತ್ತನಾಲ್ಕು," ಎಂದ ಶಿಷ್ಯ.

ಗುರು ಹುಬ್ಬೇರಿಸಿದರು. "ಗಾಡಿ ಕಾಯುತ್ತಿದೆ ಅಂದವನು ಹೆಜ್ಜೆ ಎಣಿಸುತ್ತ ಕೂತಿದ್ದಾನೆ. ಆಗಲಿ, ಇಪ್ಪತ್ತನಾಲ್ಕು."

ಇಪ್ಪತ್ತನಾಲ್ಕಕ್ಕೆ ನಿಂತಿತು. ಹಿಂದೆ ಹಿಂದೆಯೇ ಇಪ್ಪತ್ತನಾಲ್ಕು ಹೆಜ್ಜೆ ಇಟ್ಟು ಮೊದಲಿದ್ದ ಜಾಗಕ್ಕೆ ಬಂತು. ಪಕ್ಕದಲ್ಲೇ ವ್ಯಾಪಾರಿಯ ಪುಟ್ಟ ಮಗಳು ಆಡುತ್ತಿದ್ದಳು. ಎತ್ತು ಅವಳ ಕಡೆ ಕೊಂಬು ತಿರುಗಿಸಲಿಲ್ಲ.

"ಇದು ನನ್ನ ಎತ್ತು!" ಎಂದ ರೈತ.

"ಆಗಿತ್ತು," ಎಂದ ವ್ಯಾಪಾರಿ. "ಈಗ ಅಲ್ಲ, ನನ್ನದೂ ಅಲ್ಲ. ನಿನ್ನೆಯೇ ಆಚೆ ಊರಿನವರು ಮಾತು ಮುಗಿಸಿ ಹೋದರು. ಅಗೋ, ಹಗ್ಗ ತರುತ್ತಿದ್ದಾರೆ."

ರೈತ ಅವನ ಕೈ ಹಿಡಿದುಕೊಂಡ. ಬೇಡಿದ, ಆಣೆ ಇಟ್ಟ, ಅತ್ತ. ವ್ಯಾಪಾರಿ ಕೊಟ್ಟ ಮಾತು ತಪ್ಪುವವನಲ್ಲ. ಬೆಲೆಯಲ್ಲಿ ಮಾತ್ರ ಮೋಸ ಮಾಡುತ್ತಿದ್ದ, ಮಾತಿನಲ್ಲಿ ಮಾಡುತ್ತಿರಲಿಲ್ಲ. ರೈತ ಕಣ್ಣೊರೆಸಿಕೊಂಡು ಕೊನೆಗೊಂದು ಮಾತು ಕೇಳಿದ. "ಇದರ ಹುಚ್ಚು ಬಿಡಿಸಿದೆಯಲ್ಲ ಮಾರಾಯ, ಏನು ಮದ್ದು ಕೊಟ್ಟೆ? ಅದನ್ನಾದರೂ ಹೇಳು."

"ಮದ್ದೂ ಇಲ್ಲ, ಮಂತ್ರವೂ ಇಲ್ಲ," ಎಂದ ವ್ಯಾಪಾರಿ. "ಹದಿನೈದು ದಿನ ಸುಮ್ಮನಿದ್ದೆ. ನನ್ನ ಕಸುಬೆಲ್ಲ ಇಷ್ಟೇ ಯಜಮಾನರೇ. ಬಾವಿ ಬತ್ತಿದ ಆರನೆಯ ವಾರಕ್ಕೆ ಸರಿಯಾಗಿ ಊರೂರಿಗೆ ಹೋಗುತ್ತೇನೆ. ಆ ವಾರ ಯಾರೂ ಎತ್ತು ನೋಡಿ ಬೆಲೆ ಹೇಳುವುದಿಲ್ಲ. ತಮ್ಮ ಸಿಟ್ಟು ನೋಡಿಕೊಂಡು ಹೇಳುತ್ತಾರೆ."

ಗುರು ಕತೆ ನಿಲ್ಲಿಸಿ, ಚೆಂಬಿನಿಂದ ಒಂದು ಗುಟುಕು ನೀರು ಕುಡಿದರು.

ಶಿಷ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಎತ್ತಿನ ಕೊರಳಿಗೆ ಯಾರೋ ಹೊಸ ಹಗ್ಗ ಹಾಕಿ ಎಳೆದುಕೊಂಡು ಹೋಗುತ್ತಿರುವುದು ಕಣ್ಣಿಗೆ ಕಟ್ಟಿತ್ತು. ತನ್ನ ಕೊರಳನ್ನೇ ಒಮ್ಮೆ ಸವರಿಕೊಂಡ. "ರೈತನಿಗೆ ಎತ್ತು ಸಿಗಲೇ ಇಲ್ಲವೇ?"

"ಆ ಭಾಗವನ್ನು ನಾನಿನ್ನೂ ಕಟ್ಟಿಲ್ಲ," ಎಂದರು ಗುರು.

"ನೋಡಿದಿರಾ! ಎಲ್ಲವೂ ಸುಳ್ಳು," ಎಂದು ಶಿಷ್ಯ ರೇಗಿದ. ರೇಗಿದ್ದಕ್ಕೆ ತಾನೇ ನಾಚಿ ದನಿ ಇಳಿಸಿದ. "ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಗುರುಗಳೇ. ನಾಲ್ಕರಲ್ಲಿ ನಿಜವಾದ ಮನಸ್ಸು ಯಾವುದು?"

ಹೊರಗೆ ಗಾಡಿಯವನು ಮತ್ತೆ ಕೂಗಿದ. ಈ ಸಲ ಅವನ ಎತ್ತುಗಳೂ ಕೊರಳ ಗಂಟೆ ಆಡಿಸಿದವು. ಗುರು ನಿಧಾನವಾಗಿ ಎದ್ದರು. ಮೂಟೆಯನ್ನು ಎತ್ತಿ, ಧೂಳು ತಟ್ಟಿ, ಶಿಷ್ಯನ ತೊಡೆಯ ಮೇಲೆ ಇಟ್ಟರು. ಶಿಷ್ಯ ಗಾಡಿಯವನಿಗೆ ಬಂದೆ ಎಂದು ಹೇಳಲು ಬಾಯಿ ತೆರೆದ.

"ಅದಿರಲಿ," ಎಂದರು ಗುರು, "ಇದನ್ನು ನೀನು ಕಟ್ಟಿದ್ದು ರಜೆಯ ಎಷ್ಟನೆಯ ವಾರ?"

ಶಿಷ್ಯ ಬೆರಳು ಮಡಿಸುತ್ತ ವಾರ ಎಣಿಸಿದ, ಎಣಿಕೆ ಆರಕ್ಕೆ ಬಂದು ನಿಂತಿತು.