ಜೋಡಿನ ಅಡಿ

ನದಿಗೆ ಇಳಿಯುವ ಮೆಟ್ಟಿಲು ಅರವತ್ತೊಂದು ಎಂದು ಎಣಿಸಿದವನು ಗದಿಗೆಪ್ಪ. ಎಣಿಸಿದ್ದು ಬೇಸಿಗೆಯಲ್ಲಿ.

ಚಳಿಗಾಲದಲ್ಲಿ ಅವನು ಆ ಕಡೆ ಸುಳಿಯುತ್ತಿರಲಿಲ್ಲ. ಹಿಮಾಲಯದ ಆ ಆಶ್ರಮಕ್ಕೆ ಬಂದು ಮೂರು ವರ್ಷವಾಗಿತ್ತು. ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲಿತ್ತು. ನೀರು ತರಲು ಸುರ್ಮಾ ಇದ್ದಳು.

ಆಶ್ರಮದ ಗುರುಗಳು ನರಗುಂದದ ಕಡೆಯವರು. ಗದಿಗೆಪ್ಪನೂ ಅದೇ ಸೀಮೆಯವನು. ಇಬ್ಬರೇ ಇದ್ದಾಗ ಊರಿನ ಮಾತಿನಲ್ಲೇ ಮಾತಾಡುತ್ತಿದ್ದರು. ಅವನಿಗೆ ಅವರು ಅಜ್ಜಾರು, ಬೆಟ್ಟದ ಜನಕ್ಕೆ ಮಹಾರಾಜ್.

ಸುರ್ಮಾ ಮೇಲಿನ ಹಳ್ಳಿಯವಳು. ಐವತ್ತು ದಾಟಿದ ಹೆಂಗಸು. ಗಂಡ ತೀರಿಹೋಗಿದ್ದ, ಎರಡು ಹಸು ಇದ್ದವು. ಆಶ್ರಮದಿಂದ ಅವಳ ಮನೆಗೆ ಒಂದು ಗಂಟೆಯ ಏರು. ರಸ್ತೆಯಿಲ್ಲ, ಬರೀ ಕಾಲುದಾರಿ. ಕಾಲು ಗಟ್ಟಿ ಇರುವವರೆಗೆ ಮಾತ್ರ ಅದು ಅವಳ ಮನೆ.

ಮಾಗಿ ಬಂತೆಂದರೆ ಆಶ್ರಮದ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬಂಡೆಯಿಂದ ಜಿನುಗಿದ ನೀರು ಮೆಟ್ಟಿಲ ಮೇಲೆ ಹರಡಿ ಗಾಜು ಹಾಸಿದ ಹಾಗೆ ಗಟ್ಟಿಯಾಗುತ್ತದೆ. ಕೆಳಗಿನ ಕಲ್ಲು ಕಾಣುತ್ತದೆ, ಮೇಲಿನ ಮಂಜುಗಡ್ಡೆ ಕಾಣುವುದಿಲ್ಲ.

ಆ ಮೆಟ್ಟಿಲ ಮೇಲೆ ಸುರ್ಮಾ ದಿನಕ್ಕೆ ನಾಲ್ಕು ಕೊಡ ನೀರು ತರುತ್ತಿದ್ದಳು. ಅವಳ ಕಾಲಲ್ಲಿ ಹುಲ್ಲುಹಗ್ಗ ಹೆಣೆದ ಜೋಡು. ವಾರಕ್ಕೊಂದು ಜೊತೆ ಅವಳೇ ಹೆಣೆಯುತ್ತಿದ್ದಳು. ಒರಟು ಹಗ್ಗ ಗಡ್ಡೆಯನ್ನು ಕಚ್ಚಿ ಹಿಡಿಯುತ್ತಿತ್ತು. ಸವೆದು ನುಣುಪಾದರೆ ಎಸೆದು ಹೊಸದು ಹೆಣೆಯುತ್ತಿದ್ದಳು.

ಗದಿಗೆಪ್ಪನಿಗೆ ಆ ಜೋಡು ನೋಡಿದರೆ ಕನಿಕರವಾಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ಬಯಲುಸೀಮೆಯಿಂದ ಭಕ್ತರು ಬರುತ್ತಾರೆ, ಆಶ್ರಮದ ನೀರಿನವಳು ಕಾಲಿಗೆ ಹುಲ್ಲು ಸುತ್ತಿಕೊಂಡು ಓಡಾಡುತ್ತಾಳೆ, ನೋಡಿದವರು ಏನೆಂದುಕೊಂಡಾರು? ಅಂಗಳದ ತುಂಬ ಉದುರುವ ಹುಲ್ಲುಕಡ್ಡಿಯನ್ನು ಗುಡಿಸುವವನೂ ಅವನೇ ಆಗಿದ್ದ.

ಒಂದು ಬೆಳಿಗ್ಗೆ ಗುರುಗಳ ಬಳಿ ಹೋದ.

"ಅಜ್ಜಾರ, ಸುರ್ಮಾಗ ಒಂದ ಚಲೋ ಜೋಡ ತಂದಕೊಡ್ಲೇನ್ರಿ?"

"ಆಕೀನ್ನ ಕೇಳಿಯೇನು?"

"ಕೇಳೂದೇನೈತ್ರಿ? ಕಣ್ಣಿಗೆ ಕಾಣತೈತಲ್ರಿ."

"ಆಕಿ ಹಿಂದ ಒಂದಿನ ನದಿಗೆ ಇಳದ ನೋಡು. ಆಮ್ಯಾಲ ತರುವಿಯಂತ."

ಗದಿಗೆಪ್ಪ ತಲೆಯಾಡಿಸಿದ. ಮರುದಿನದಿಂದ ಗುರುಗಳ ಮೌನ ಶುರುವಾಯಿತು. ಪ್ರತಿ ಚಳಿಗಾಲ ಒಂದು ತಿಂಗಳು ಅವರು ಮಾತಾಡುತ್ತಿರಲಿಲ್ಲ. ಕೈಸನ್ನೆ ಇಲ್ಲ, ಹಲಗೆಯ ಮೇಲೆ ಬರೆಯುವುದೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ ಎಂದು ಭಕ್ತರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಗದಿಗೆಪ್ಪ ನದಿಗೆ ಇಳಿಯಲಿಲ್ಲ. ಚಳಿ ಜೋರಾಗಿತ್ತು. ಅವನು ಪೇಟೆಗೆ ಹೋದ.

ಪುಣ್ಯ ಮಾಡುವವರಿಗೆ ಒಂದು ಅವಸರ ಇರುತ್ತದೆ. ಹಸಿದವನು ಊಟಕ್ಕೆ ಕೂತರೂ ಅಷ್ಟು ಅವಸರ ಮಾಡುವುದಿಲ್ಲ.

ಅಂಗಡಿಯವನು ಎರಡು ಜೊತೆ ತೆಗೆದಿಟ್ಟ. ಒಂದು ದಪ್ಪ ರಬ್ಬರಿನದು. ಎತ್ತಿನ ಗೊರಸಿನಂತೆ ಕುರೂಪ, ಬಣ್ಣವೂ ಮಣ್ಣಿನದೇ. ರಸ್ತೆ ಕೆಲಸದವರು ಇದನ್ನೇ ಒಯ್ಯುತ್ತಾರೆ ಎಂದ. ಇನ್ನೊಂದು ಕಪ್ಪು ಬೂಟು. ಒಳಗೆಲ್ಲ ಉಣ್ಣೆ, ಮೇಲೆ ಹೊಳಪು, ಮೀನಖಂಡದವರೆಗೆ ಬೆಚ್ಚಗೆ.

ಗದಿಗೆಪ್ಪ ಕಪ್ಪು ಬೂಟಿನೊಳಗೆ ಕೈಯಿಟ್ಟು ನೋಡಿದ. ಬೆಚ್ಚಗಿತ್ತು. ಮೇಲೆ ಸವರಿದ. ನುಣ್ಣಗಿತ್ತು.

ಅಂಗಡಿಯವನು ಅಡಿ ತೋರಿಸಲೆಂದು ಬೂಟನ್ನು ಬೋರಲು ಮಾಡಹೊರಟ. ಗದಿಗೆಪ್ಪ ಗಾಬರಿಯಿಂದ ಅವನ ಕೈ ಹಿಡಿದ.

ಅವನ ಊರಿನಲ್ಲಿ ಜೋಡು ಬೋರಲು ಬಿದ್ದರೆ ಆ ಮನೆಯಲ್ಲಿ ಜಗಳ ಆಗುತ್ತದೆ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಹೊಸಿಲ ಬಳಿ ಚಪ್ಪಲಿ ಬೋರಲಾಗಿದ್ದಕ್ಕೆ ಅವ್ವನ ಕೈಯಲ್ಲಿ ಏಟು ತಿಂದವನು ಅವನು. ಆಶ್ರಮಕ್ಕೆ ಹೋಗುವ ವಸ್ತು ಅದು. ಅಪಶಕುನ ಮಾಡಿಕೊಂಡು ಒಯ್ಯುವುದು ಅವನಿಗೆ ಬೇಡವಾಗಿತ್ತು.

ಬೋರಲು ಮಾಡಬೇಡ, ಹಾಗೇ ಪೆಟ್ಟಿಗೆಗೆ ಹಾಕು ಎಂದ.

ಅಂಗಡಿಯವನು ನಕ್ಕು ಹಾಗೇ ಹಾಕಿಕೊಟ್ಟ.

ಸುರ್ಮಾ ಪೆಟ್ಟಿಗೆ ಬಿಚ್ಚಿದವಳೇ ಮಾಡಿದ ಮೊದಲ ಕೆಲಸ ಬೂಟನ್ನು ಬೋರಲು ಮಾಡಿದ್ದು. ಗದಿಗೆಪ್ಪ ಕಣ್ಣು ಮುಚ್ಚಿಕೊಂಡ. ಅವಳು ಅಡಿಯ ಮೇಲೆ ಹೆಬ್ಬೆರಳು ಎಳೆದಳು. ಒಂದು ಗೆರೆಯಿಲ್ಲ, ಒಂದು ತೋಡಿಲ್ಲ, ಊಟದ ತಟ್ಟೆಯ ಹಾಗೆ ನುಣುಪು.

ಮದುವೆಗೆ ಹಾಕಿಕೊಂಡು ಹೋಗುತ್ತೇನೆ, ನೀರಿಗೆ ಬೇಡ ಎಂದು ನಕ್ಕಳು. ಮತ್ತೆ ಪೆಟ್ಟಿಗೆಗೆ ಇಟ್ಟಳು.

ಗದಿಗೆಪ್ಪನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಷ್ಟು ದೂರ ನಡೆದು, ಆರಿಸಿ ತಂದಿದ್ದ. ಅವಳ ನಗು ಅವನಿಗೆ ಸೇರಲಿಲ್ಲ. ಬಾಯಿಂದ ಒಂದು ಮಾತು ಬಂತು. ಬರಬಾರದಿತ್ತು.

ಇದು ಮಹಾರಾಜರು ಕೊಟ್ಟದ್ದು ಎಂದ.

ಸುರ್ಮಾಳ ನಗು ನಿಂತಿತು. ಬೂಟು ತೆಗೆದು ಕಣ್ಣಿಗೊತ್ತಿಕೊಂಡಳು. ಹುಲ್ಲಿನ ಜೋಡು ಕಳಚಿ ಕಪ್ಪು ಬೂಟು ಹಾಕಿಕೊಂಡಳು. ಗದಿಗೆಪ್ಪ ಹುಲ್ಲಿನ ಜೋಡನ್ನು ನೀರೊಲೆಗೆ ಹಾಕಿದ. ಒಣಹುಲ್ಲು ಭಗ್ಗನೆ ಹತ್ತಿತು.

ನದಿಯ ಕಡೆಗೆ ಗುರುಗಳ ಕೋಣೆಗೆ ಒಂದು ಕಿಟಕಿ ಇತ್ತು. ಮರುದಿನ ಗದಿಗೆಪ್ಪ ಹಾಲು ಒಯ್ದಾಗ ಅವರು ಅಲ್ಲಿ ನಿಂತಿದ್ದರು. ಕೆಳಗೆ ಸುರ್ಮಾ ಕಪ್ಪು ಬೂಟು ಹಾಕಿ, ಒಂದು ಕೈಯಲ್ಲಿ ಬಂಡೆ ಹಿಡಿದು, ಅಡ್ಡಡ್ಡ ಹೆಜ್ಜೆಯಿಟ್ಟು ಇಳಿಯುತ್ತಿದ್ದಳು. ಹಿಂದೆಂದೂ ಅವಳು ಬಂಡೆ ಹಿಡಿದಿದ್ದಿಲ್ಲ.

ಗುರುಗಳು ಬಹಳ ಹೊತ್ತು ನೋಡಿದರು. ತುಟಿ ಅಲುಗಿದ ಹಾಗೆ ಗದಿಗೆಪ್ಪನಿಗೆ ಕಂಡಿತು. ಆಮೇಲೆ ಕಿಟಕಿ ಮುಚ್ಚಿ ಆಸನದ ಮೇಲೆ ಕೂತರು.

ಐದನೆಯ ದಿನ ಸುರ್ಮಾ ಬಿದ್ದಳು.

ಕೊಡದ ಸದ್ದು ಮೊದಲು ಕೇಳಿತು. ಗದಿಗೆಪ್ಪ ಓಡಿ ಹೋಗಿ ನೋಡಿದಾಗ ಅವಳು ಹದಿನೈದು ಮೆಟ್ಟಿಲು ಕೆಳಗಿದ್ದಳು. ಅಳುತ್ತಿರಲಿಲ್ಲ. ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಅವನು ಕೂತುಕೊಂಡೇ ಜಾರುತ್ತಾ ಅವಳ ಬಳಿ ಇಳಿದ. ಆ ಮೆಟ್ಟಿಲನ್ನು ಚಳಿಗಾಲದಲ್ಲಿ ಅವನು ಇಳಿದದ್ದು ಅದೇ ಮೊದಲು.

ಹಳ್ಳಿಯ ನಾಲ್ವರು ಅವಳನ್ನು ಕಂಬಳಿಯಲ್ಲಿ ಹೊತ್ತು ಪೇಟೆಗೆ ಒಯ್ದರು. ಸೊಂಟದ ಮೂಳೆ ಮುರಿದಿತ್ತು. ಕೂಡಿಕೊಂಡರೂ ಇನ್ನು ಕೋಲು ಹಿಡಿದು ಸಮ ನೆಲದ ಮೇಲೆ ಓಡಾಡಬಹುದು, ಬೆಟ್ಟ ಹತ್ತುವುದನ್ನು ಮರೆಯಬೇಕು ಎಂದರು ವೈದ್ಯರು.

ಗದಿಗೆಪ್ಪ ಹಿಂತಿರುಗಿ ಗುರುಗಳಿಗೆ ಎಲ್ಲ ಹೇಳಿದ. ಎಲ್ಲ ಎಂದರೆ, ತನ್ನ ಸುಳ್ಳೊಂದನ್ನು ಬಿಟ್ಟು.

ಗುರುಗಳ ಕಣ್ಣಲ್ಲಿ ನೀರು ಬಂತು. ಮಾತು ಬರಲಿಲ್ಲ. ಮೌನ ಮುಗಿಯಲು ಇನ್ನೂ ಮೂರು ವಾರ ಬಾಕಿ ಇತ್ತು.

ಈಗ ನೀರು ತರುವವನು ಗದಿಗೆಪ್ಪ. ಮೊದಲ ದಿನ ಎರಡು ಸಲ ಬಿದ್ದ. ಎರಡನೆಯ ದಿನ ಚಪ್ಪಲಿಯ ಮೇಲೆ ಉಣ್ಣೆಯ ಕಾಲುಚೀಲ ಎಳೆದುಕೊಂಡು ಇಳಿದ, ಸ್ವಲ್ಪ ಹಿಡಿತ ಸಿಕ್ಕಿತು. ಹೆಜ್ಜೆ ಚಿಕ್ಕದಾಗಿಡಬೇಕು, ಪಾದ ಪೂರ್ತಿ ಊರಬೇಕು, ಮೈ ಮುಂದಕ್ಕೆ ಬಾಗಿರಬೇಕು ಎನ್ನುವುದು ಮೊಣಕಾಲು ತರಚಿಕೊಂಡ ಮೇಲೆ ತಿಳಿಯಿತು. ಮೂರನೆಯ ದಿನ ಮತ್ತೆ ಅದೇ ಅಂಗಡಿಗೆ ಹೋದ.

ಗೊರಸಿನಂಥ ರಬ್ಬರಿನ ಜೋಡು ಕೈಗೆತ್ತಿಕೊಂಡ. ಬೋರಲು ಮಾಡಿ ನೋಡಿದ. ತೋಡು ಎಷ್ಟು ಆಳವಿದೆ ಎಂದು ಉಗುರು ತೂರಿಸಿ ಪರೀಕ್ಷಿಸಿದ. ರಬ್ಬರು ಚಳಿಗೆ ಕಲ್ಲಾಗುತ್ತದೋ ಮೆತ್ತಗೇ ಇರುತ್ತದೋ ಎಂದು ಕೇಳಿದ. ಅಂಗಡಿಯ ಮುಂದಿನ ಗಡ್ಡೆಯ ಮೇಲೆ ನಾಲ್ಕು ಹೆಜ್ಜೆ ನಡೆದು ಬಂದ. ಅಪಶಕುನದ ನೆನಪಾಗಲೇ ಇಲ್ಲ. ಈ ಸಲ ಕಾಲು ಅವನದಾಗಿತ್ತು.

ಮೆಟ್ಟಿಲ ಮೇಲೆ ಅದು ಚೆನ್ನಾಗಿ ಹಿಡಿಯಿತು. ಅವನು ಮತ್ತೆ ಬೀಳಲಿಲ್ಲ. ಬೀಳದ ಪ್ರತಿ ದಿನವೂ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಮೌನ ಮುಗಿಯುವ ದಿನ ಬಂತು.

ಆ ದಿನ ಭಕ್ತರು ಸೇರುತ್ತಾರೆ. ತಿಂಗಳ ಮೌನದ ನಂತರ ಗುರುಗಳ ಬಾಯಿಂದ ಬರುವ ಮೊದಲ ಮಾತನ್ನು ಬರೆದುಕೊಂಡು, ಮನೆಗೆ ಒಯ್ದು, ವರ್ಷವಿಡೀ ಅದನ್ನು ಚಿಂತಿಸುತ್ತಾರೆ. ಅವತ್ತು ಬೆಳಿಗ್ಗೆಯೇ ನಲವತ್ತು ಜನ ಸಭಾಂಗಣದಲ್ಲಿ ಪುಸ್ತಕ, ಪೆನ್ನು ಹಿಡಿದು ಕೂತಿದ್ದರು.

ಗುರುಗಳು ಅತ್ತ ಹೋಗಲಿಲ್ಲ. ಕೋಲು ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಟರು. ಗದಿಗೆಪ್ಪ ಹಿಂದೆ ಹೋದ.

ಸುರ್ಮಾ ರಸ್ತೆಬದಿಯ ಊರಿನಲ್ಲಿ ತಂಗಿಯ ಮನೆಯಲ್ಲಿದ್ದಳು. ಹಸುಗಳನ್ನು ಮಾರಿಯಾಗಿತ್ತು. ಮೇಲಿನ ಮನೆಗೆ ಬೀಗ ಬಿದ್ದಿತ್ತು. ಗುರುಗಳನ್ನು ಕಂಡು ಏಳಲು ಹೋದಳು, ಆಗಲಿಲ್ಲ. ಮಲಗಿದ್ದಲ್ಲಿಂದಲೇ ಕೈ ಮುಗಿದಳು.

ಗುರುಗಳು ಅವಳ ಹಾಸಿಗೆಯ ಬಳಿ ನೆಲದ ಮೇಲೆ ಕೂತರು. ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು. ಬೂಟು ಹಾಳಾಗಿಲ್ಲ, ತಂಗಿಯ ಪೆಟ್ಟಿಗೆಯಲ್ಲಿ ಇಡಿಸಿದ್ದೇನೆ ಎಂದಳು. ಅಡಿ ಮುಟ್ಟಿದಾಗಲೇ ಇದು ಜಾರುತ್ತದೆಂದು ತಿಳಿದಿತ್ತು, ಆದರೆ ನೀವು ಕೊಟ್ಟದ್ದನ್ನು ತೆಗೆದಿಡುವುದು ಹೇಗೆ ಎಂದಳು. ದೂರುವ ದನಿಯೇ ಇರಲಿಲ್ಲ.

ಗುರುಗಳು ತಿರುಗಿ ಗದಿಗೆಪ್ಪನನ್ನು ನೋಡಿದರು.

ಗದಿಗೆಪ್ಪ ಬಾಗಿಲ ಬಳಿ ನಿಂತಿದ್ದ. ಓಡಿಹೋಗಬೇಕು ಅನಿಸಿತು. ಹೋಗಲಿಲ್ಲ. ಬೂಟು ನಾನು ತಂದದ್ದು, ನೀನು ನಕ್ಕದ್ದು ನನಗೆ ತಡೆಯಲಿಲ್ಲ, ಅದಕ್ಕೆ ಸುಳ್ಳು ಹೇಳಿದೆ ಎಂದು ಅವಳ ಭಾಷೆಯಲ್ಲೇ ತಡವರಿಸಿ ಹೇಳಿದ.

ಸುರ್ಮಾ ಗುರುಗಳ ಮುಖವನ್ನೇ ನೋಡುತ್ತಿದ್ದಳು.

ಆಗ ಗುರುಗಳು ತಮ್ಮ ಭುಜದ ಶಾಲನ್ನು ತೆಗೆದು ಅವಳ ಕಾಲ ಮೇಲೆ ಹೊದಿಸಿದರು. ಅಂದು ಆಶ್ರಮದ ಕಿಟಕಿಯಲ್ಲಿ ನಿಂತು ತಾವು ಕಂಡದ್ದನ್ನು, ಮೌನ ಮುಗಿದಿದ್ದರೂ, ಕೈಸನ್ನೆಯಿಂದಲೇ ತೋರಿಸಿದರು. ಎರಡು ಬೆರಳು ಅಡ್ಡಡ್ಡ ಹೆಜ್ಜೆಯಿಟ್ಟು ಇಳಿದವು. ಆಮೇಲೆ ತಮ್ಮ ಕಣ್ಣನ್ನು ಮುಟ್ಟಿಕೊಂಡರು, ಆಮೇಲೆ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡರು.

ಸುರ್ಮಾಗೆ ಅರ್ಥವಾಯಿತು. ಅವಳು ಹೇಳಿದಳು:

"ಒಂದು ಸಲ ಕೂಗಿದ್ದರೆ ನಿಂತುಬಿಡುತ್ತಿದ್ದೆ, ಮಹಾರಾಜ್."

ಅಷ್ಟು ಹೇಳಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಇಬ್ಬರೂ ಹೊರಗೆ ಬಂದರು. ದಾರಿಯಲ್ಲಿ ಗಡ್ಡೆ ಇನ್ನೂ ಕರಗಿರಲಿಲ್ಲ. ಅರ್ಧ ದಾರಿಯಲ್ಲಿ ಗದಿಗೆಪ್ಪ ತಡೆಯಲಾರದೆ ಕೇಳಿದ.

"ತಪ್ಪ ಯಾರದ್ರಿ ಅಜ್ಜಾರ? ಸುಳ್ಳ ಹೇಳಿದ್ದು ನಾ. ಅಡಿ ನೋಡಲಾರದ ತಂದಾಂವ ನಾ. ಖರೇ, ಆದ್ರ ನೀವು ಕಂಡಿದ್ರಿ."

ಗುರುಗಳು ನಿಂತರು.

"ಒಂದ ಮಾತ ಅಂದಿದ್ರ ಏನಾಗತಿತ್ರಿ?"

ಗುರುಗಳು ಮತ್ತೆ ಹೆಜ್ಜೆ ಹಾಕಿದರು. ಅವರ ಮುಖ ಒಂದೇ ತಿಂಗಳಲ್ಲಿ ಹತ್ತು ವರ್ಷ ಮುಪ್ಪಾಗಿತ್ತು. ಗದಿಗೆಪ್ಪನಿಗೆ ಅವರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಿಂದ ತನ್ನ ಭಾರ ಚೂರೂ ಇಳಿಯಲಿಲ್ಲ ಎನ್ನುವುದೂ ತಿಳಿಯಿತು.

ಆಶ್ರಮದ ಬಾಗಿಲಲ್ಲಿ ಭಕ್ತರು ಕಾದಿದ್ದರು. ಒಳಗೆ ಕೂತವರೂ ಎದ್ದು ಬಂದು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಪುಸ್ತಕ ತೆರೆದಿತ್ತು.

"ಮೊದಲನೇ ಮಾತಿಗೆ ಕಾಯಾಕತ್ಯಾರ್ರಿ," ಎಂದ ಗದಿಗೆಪ್ಪ. "ಏನಂತ ಹೇಳ್ಲಿ?"

ಗುರುಗಳು ಆ ತೆರೆದ ಪುಸ್ತಕಗಳನ್ನು ಒಂದೊಂದಾಗಿ ನೋಡಿದರು. ತಿಂಗಳಿಂದ ಬಳಸದ ಗಂಟಲು ಒಡೆದ ಹಾಗೆ ದನಿ ಹೊರಬಂತು.

"'ಸುರ್ಮಾ, ಆ ಬೂಟ ಬಿಚ್ಚು, ಜಾರತಾವ.' ಬರಕೋರಿ ಅನ್ನು."