ಉಣುಗು ಹೆಕ್ಕುವ ಸರದಿ

ಆಲದ ಮರದ ಮುಸುವಗಳಿಗೆಲ್ಲ ಕತ್ತಿನ ಹಿಂದೆ ರಕ್ತ ಹೀರುವ ಉಣುಗು ಕಚ್ಚಿಕೊಂಡಿದ್ದವು. ಅಲ್ಲಿಗೆ ತಮ್ಮ ಕೈ ಎಟುಕದು, ಇನ್ನೊಬ್ಬರೇ ಹೆಕ್ಕಬೇಕು. ಆದರೆ ಎಲ್ಲರೂ ಕತ್ತು ಬಗ್ಗಿಸಿ ಕೂರುವವರೇ, ಹೆಕ್ಕುವವರು ಯಾರೂ ಇರಲಿಲ್ಲ. ರಕ್ತ ಬತ್ತಿ ಒಂದು ಮುದಿ ಮುಸುವ ಆಗಲೇ ಸತ್ತಿತ್ತು.

ಆ ಗುಂಪಿನ ಸಿಂಗಿಗೆ ಹಾಗೆ ಸಾಯುವ ಮನಸ್ಸಿರಲಿಲ್ಲ. ಯಾರಾದರೂ ಮೊದಲು ಕೈ ಹಾಕಬೇಕಲ್ಲ ಎಂದುಕೊಂಡು ಪಕ್ಕದಲ್ಲಿದ್ದ ಡೊಂಕನ ಹಿಂದೆ ಕುಳಿತು ಅವನ ಕತ್ತನ್ನು ಚೊಕ್ಕ ಮಾಡಿದಳು. ಆಮೇಲೆ ತನ್ನ ಕತ್ತು ಬಗ್ಗಿಸಿದಳು. ಡೊಂಕ ಮೇಲಿನ ಕೊಂಬೆಗೆ ಜಿಗಿದು, "ಹಸಿವಾಗಿದೆ ಕಣಕ್ಕ, ನಾಳೆ ನೋಡೋಣ" ಎಂದ.

ಮರುದಿನ ಅವನು ಮತ್ತೆ ಬಂದು ಕುಳಿತ. ಸಿಂಗಿ ಕೈ ಎತ್ತಲಿಲ್ಲ.

"ಮುನಿಸೇನಕ್ಕ?"

"ಮುನಿಸಿಲ್ಲ. ಇವತ್ತಿನ ಸರದಿ ನಿನ್ನದು."

"ಹಾಗಾದರೆ ಕಾಯ್ತಾ ಇರು" ಎಂದು ಡೊಂಕ ನಗುತ್ತ ಹೋದ.

ಸಿಂಗಿ ಅಷ್ಟಕ್ಕೆ ಬಿಡಲಿಲ್ಲ. ಬೇರೆಯವರ ಹಿಂದೆ ಹೋಗಿ ಕುಳಿತಳು. ಇಬ್ಬರು ಹೆಕ್ಕಿಸಿಕೊಂಡು ಎದ್ದು ಹೋದರು. ಮೂರನೆಯವಳಾದ ಕರಿಯವ್ವ ಮಾತ್ರ ತಿರುಗಿ ಕುಳಿತು ಸಿಂಗಿಯ ಕತ್ತಿಗೆ ಕೈ ಹಾಕಿದಳು. ಅಂದಿನಿಂದ ಇಬ್ಬರೂ ದಿನಾ ಒಬ್ಬರಿಗೊಬ್ಬರು ಹೆಕ್ಕಿದರು. ಅವರ ಮೈ ತುಂಬಿಕೊಂಡಿದ್ದನ್ನು ಕಂಡು ಇನ್ನೂ ನಾಲ್ವರು ಸೇರಿದರು.

ತಿಂಗಳು ಕಳೆಯುವಷ್ಟರಲ್ಲಿ ಡೊಂಕನಿಗೆ ಕೊಂಬೆ ಹಿಡಿಯಲೂ ತ್ರಾಣವಿರಲಿಲ್ಲ. ತೆವಳಿಕೊಂಡು ಬಂದು, ಸಿಂಗಿಯ ಹಿಂದೆ ಕುಳಿತು, ಅವಳ ಕತ್ತಿನ ಒಂದು ಉಣುಗನ್ನು ಕಿತ್ತ.

"ಇವನು ಹಿಂದೆ ಮಾಡಿದ್ದು ಮರೆತೆಯಾ?" ಎಂದಳು ಕರಿಯವ್ವ.

"ಮರೆತಿಲ್ಲ. ಆದರೆ ಕಡೆಯ ಸಲ ಏನು ಮಾಡಿದ ಅನ್ನುವುದನ್ನಷ್ಟೇ ನಾನು ನೋಡುವುದು" ಎಂದು ಸಿಂಗಿ ಡೊಂಕನ ಹೆಗಲು ಹಿಡಿದು ತಿರುಗಿಸಿದಳು. "ಕತ್ತು ಬಗ್ಗಿಸು."